ಬುಧವಾರ ಮಾತ್ರ ಕಿವುಡಾಗುತ್ತಿದ್ದ ಪ್ಲಗ್ಗು

"ನಾಳೆ ಹನ್ನೊಂದು ಗಂಟೆಗೆ ನೆಟ್ ಬರ್ಲಿಲ್ಲ ಅಂದ್ರೆ ನನ್ನ ಮಗನ ಸೀಟು ಹೋಯ್ತು ಅಮ್ಮಾ," ಎನ್ನುತ್ತಾ ಆ ಹೆಣ್ಣುಮಗಳು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತಳು.

ಅಮ್ಮಾ ಎಂದದ್ದು ನನ್ನ ಹಿಂದೆ ನಿಂತಿದ್ದ ವನಜಾಕ್ಷಮ್ಮನವರಿಗೆ. ನನ್ನ ಹೆಸರು ಹುಚ್ಚಣ್ಣ. ನಗುವವರು ನಕ್ಕುಬಿಡಿ, ನಾನು ಕಾಯುತ್ತೇನೆ. ತಿಪಟೂರಿನಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಅಂಗಡಿಯ ಮೇಲಿನ ಮನೆಯಲ್ಲಿ ಇರುವವರು ವನಜಾಕ್ಷಮ್ಮ. ಟೆಲಿಫೋನ್ ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಮೇಜಿನ ಮುಂದೆ ಮೂವತ್ತು ವರ್ಷ ಕೂತು ನಿವೃತ್ತರಾದವರು. ಯಾರ ಮನೆಯಲ್ಲಿ ಏನು ಕಳೆದರೂ, ಯಾರಿಗೆ ಯಾರ ಮೇಲೆ ಗುಮಾನಿ ಬಂದರೂ ಜನ ಪೊಲೀಸರಿಗಿಂತ ಮೊದಲು ಇವರನ್ನು ಹುಡುಕಿಕೊಂಡು ಬರುತ್ತಾರೆ. ಬಂದವರಿಗೆ ಸ್ಟೂಲು ಹಾಕುವುದು, ಕಾಫಿ ತರಿಸುವುದು, ಆಮೇಲೆ ಇವರನ್ನು ಬೈಕಿನಲ್ಲಿ ಕೂರಿಸಿಕೊಂಡು ಹಳ್ಳಿ ಹಳ್ಳಿ ಅಲೆಯುವುದು ನನ್ನ ಪಾಲಿನ ಕೆಲಸ. ಇದುವರೆಗೆ ಒಬ್ಬರೂ ನನಗೊಂದು ಒಳ್ಳೆಯ ಮಾತು ಹೇಳಿದ್ದಿಲ್ಲ.

ಬಂದವಳ ಹೆಸರು ವನಿತಾ, ಬಿಳಿಗೆರೆಯವಳು. ಗಂಡ ಲಾರಿ ಡ್ರೈವರ್, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆ. ಮಗ ಭುವನ್‌ಗೆ ನಾಲ್ಕು ವರ್ಷ. ಹುಟ್ಟುವಾಗಲೇ ಕಿವಿ ಕೇಳುತ್ತಿರಲಿಲ್ಲ. ಆರು ತಿಂಗಳ ಹಿಂದೆ ಆಪರೇಷನ್ ಮಾಡಿಸಿ ಕಿವಿಗೆ ಯಂತ್ರ ಕೂರಿಸಿದ್ದರು. ಯಂತ್ರ ಕೂರಿಸಿದ ಮಾತ್ರಕ್ಕೆ ಮಗುವಿಗೆ ಮಾತು ತಿಳಿಯುವುದಿಲ್ಲ, ಕೇಳಿದ ಸದ್ದು ಯಾವುದು ಎಂದು ಒಂದೊಂದಾಗಿ ಕಲಿಸಬೇಕು. ಬೆಂಗಳೂರಿನ ಒಂದು ಕೇಂದ್ರದ ಟೀಚರ್ ಪ್ರತಿ ಬುಧವಾರ ಹನ್ನೊಂದಕ್ಕೆ ವಿಡಿಯೋದಲ್ಲಿ ಪಾಠ ಹೇಳುತ್ತಿದ್ದರು.

"ಮೂರು ಬುಧವಾರದಿಂದ ಪಾಠ ಆಗಿಲ್ಲ. ಸಾಲಾಗಿ ನಾಕು ತಪ್ಪಿದ್ರೆ ಸೀಟು ಬೇರೆ ಮಗೂಗೆ ಕೊಡ್ತಾರೆ. ಕಾಯೋರ ಪಟ್ಟಿ ಉದ್ದ ಅದೆ. ಅವರದೇನೂ ತಪ್ಪಿಲ್ಲ ಬುಡಿ," ಎಂದಳು ವನಿತಾ.

"ನೆಟ್ ಎಲ್ಲಿಂದ ಬತ್ತದೆ?" ಎಂದು ಕೇಳಿದರು ವನಜಾಕ್ಷಮ್ಮ.

ನೆಟ್ಟಿನ ಡಬ್ಬಿ ಮುಂದಿನ ಪಡಸಾಲೆಯಲ್ಲಿತ್ತಂತೆ. ಮೊದಲು ಪಾಠವೂ ಅಲ್ಲೇ ನಡೆಯುತ್ತಿತ್ತು. ಆದರೆ ಅಂಗಳದಲ್ಲಿ ಕಾಯಿ ಸುಲಿಯುವ ಸದ್ದು, ರಸ್ತೆಯ ಬಸ್ಸಿನ ಸದ್ದು. ಕಿವಿ ಈಗಷ್ಟೇ ತೆರೆದ ಮಗುವಿಗೆ ಇದರಲ್ಲಿ ಏನೂ ತಿಳಿಯುವುದಿಲ್ಲ, ಸದ್ದಿಲ್ಲದ ಕೋಣೆ ಬೇಕು ಎಂದರಂತೆ ಟೀಚರ್. ಹಾಗಾಗಿ ಹಿಂದಿನ ಕೋಣೆ. ಮಧ್ಯದಲ್ಲಿ ಎರಡು ಅಡಿ ದಪ್ಪದ ಮಣ್ಣಿನ ಗೋಡೆಗಳು, ಮೇಲೆ ಅಟ್ಟದ ತುಂಬಾ ಕೊಬ್ಬರಿಗೆ ಬಿಟ್ಟ ಕಾಯಿ. ವೈಫೈ ದಾಟಲಿಲ್ಲ, ಮೊಬೈಲ್ ಸಿಗ್ನಲ್ಲೂ ಇಲ್ಲ. ವೈರು ಎಳೆದರೆ ಅಟ್ಟದ ಇಲಿಗಳು ಎರಡು ಸಲ ಕಡಿದುಹಾಕಿದವು. ಕೊನೆಗೆ ನೆಟ್ ಹಾಕುವ ಸಿದ್ದಾರ್ಥ್ ಎಂಬವನು ಎರಡು ಪ್ಲಗ್ಗು ತಂದುಕೊಟ್ಟ. ಒಂದನ್ನು ನೆಟ್ಟಿನ ಡಬ್ಬಿಯ ಪಕ್ಕದ ಸಾಕೆಟ್ಟಿಗೆ, ಇನ್ನೊಂದನ್ನು ಹಿಂದಿನ ಕೋಣೆಯ ಸಾಕೆಟ್ಟಿಗೆ ಚುಚ್ಚಿದರೆ ಗೋಡೆಯೊಳಗಿನ ಕರೆಂಟ್ ವೈರಿನಲ್ಲೇ ನೆಟ್ ಹರಿದುಹೋಗುತ್ತದೆ. ಪವರ್‌ಲೈನ್ ಅಡಾಪ್ಟರ್ ಎಂದು ಅದರ ಹೆಸರು.

"ಮೊದಲ ವಾರ ಚೆನ್ನಾಗೇ ಬಂತು ಅಮ್ಮಾ. ಕರೆಂಟು ಮಂಕಾಗಿತ್ತು, ಮುಖ ಸರಿಯಾಗಿ ಕಾಣ್ತಿಲ್ಲ ಅಂದ್ರು ಟೀಚರ್, ಅಷ್ಟೇ. ಆಮೇಲಿನ ಮೂರು ಬುಧವಾರನೂ ಹನ್ನೊಂದಕ್ಕೆ ಹತ್ತು ನಿಮಿಷ ಇರೋವಾಗ ಕಟ್ಟಾಯ್ತು. ಗುರುವಾರ, ಶುಕ್ರವಾರ ಅದೇ ಟೈಮಿಗೆ ಹಾಕಿ ನೋಡ್ದೆ, ಚೆನ್ನಾಗದೆ. ಬುಧವಾರ ಮಧ್ಯಾಹ್ನ ಸಿದ್ದಾರ್ಥ್ ಬಂದು ನೋಡಿದ್ರೆ ಆಗ್ಲೂ ಚೆನ್ನಾಗದೆ. ಇದು ಬೇಕೂಂತ್ಲೇ ಮಾಡ್ತಿರೋದು."

"ಯಾರು?"

ವನಿತಾ ತಲೆ ತಗ್ಗಿಸಿದಳು. "ನಮ್ಮ ಅಕ್ಕ, ಮಂಜಮ್ಮ. ನನ್ನ ವಾರಗಿತ್ತಿ. ಎರಡನೇ ಸಲ ಕಟ್ಟಾದಾಗ ಓಡಿ ಪಡಸಾಲೆಗೆ ಬಂದೆ. ಪ್ಲಗ್ಗಿನ ಮೇಲೆ ಅವರ ಕೈ ಇತ್ತು. ಮಕ್ಕಳಿಲ್ಲದೋರು, ನನ್ನ ಮಗ ಮಾತಾಡೋದು ಅವ್ರಿಗೆ ಬೇಡವೋ ಏನೋ. ಕೇಳಿದ್ರೆ ಬಾಯೇ ಬಿಡಲ್ಲ. ನಮ್ಮ ಮಾವನೂ ಅವತ್ತಿಂದ ಅವರ ಜೊತೆ ಮಾತು ಬಿಟ್ಟವ್ರೆ."

"ಕೈ ಇಟ್ಟಿದ್ದಾಗ ಪ್ಲಗ್ಗಿನಲ್ಲಿ ಲೈಟು ಉರೀತಿತ್ತಾ?"

"ಮೂರು ಲೈಟು ಅವೆ. ಮೊದಲನೇದು ಕರೆಂಟಿಂದು, ಅದು ಉರೀತಿತ್ತು. ಮೂರನೇದು ಡಬ್ಬಿಯಿಂದ ಬರೋ ವೈರಿಂದು, ಅದೂ ಉರೀತಿತ್ತು. ನಡುವಿಂದು ಜೋಡಿ ಪ್ಲಗ್ಗು ಸಿಕ್ಕಿದೆ ಅನ್ನೋಕೆ. ಅದು ಆರಿತ್ತು."

"ಹಿಂದಿನ ಕೋಣೆಯಲ್ಲಿ ಕರೆಂಟು ಹೋಗಿತ್ತಾ?"

"ಇಲ್ಲ ಅಮ್ಮಾ. ಫ್ಯಾನು ಒಂದು ಚಿಟಿಕೆ ಹೊಡೆಯೋವಷ್ಟು ಹೊತ್ತು ತಡೆದಂಗಾಯ್ತು. ಆಮೇಲೆ ಮೊದಲಿಗಿಂತ ಜೋರಾಗೇ ತಿರುಗ್ತಿತ್ತು."

ವನಜಾಕ್ಷಮ್ಮ ಕಾಫಿ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. ನಾನು ತಾಮ್ರದ ತಂತಿ ಸುತ್ತುತ್ತಲೇ ಇದ್ದೆ. ಇಪ್ಪತ್ತೆರಡು ವರ್ಷ ಕರೆಂಟಿನ ಜೊತೆ ಬಾಳ್ವೆ ಮಾಡಿದವನು ಆ ಮಾತು ಕೇಳಿ ಎದ್ದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅದಕ್ಕಾಗಿ ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆಲ್ಲ ನಾವು ಬಿಳಿಗೆರೆಯಲ್ಲಿದ್ದೆವು. ಮನೆಯ ಯಜಮಾನ ಲಕ್ಷ್ಮಯ್ಯನವರು ಬಾಗಿಲಲ್ಲೇ ಎದುರಾದರು. ಎಪ್ಪತ್ತು ದಾಟಿದ ಗಟ್ಟಿ ಆಳು, ತಲೆಗೆ ಟವೆಲ್ಲು.

"ಬನ್ನಿ ತಾಯಿ. ಇವತ್ತು ನೀವು ಬರದಿದ್ರೂ ನಡೀತಿತ್ತು. ಹಿಂದ್ಗಡೆ ಕರೆಂಟ್ ಬೋರ್ಡ್ ಹತ್ರ ನಾನೇ ಕೂತ್ಕೋತೀನಿ, ಒಂದು ನೊಣನೂ ಹತ್ರ ಸುಳಿಯಲ್ಲ. ಬುಧವಾರ ಬಂತೂ ಅಂದ್ರೆ ನನ್ನ ಮೊಮ್ಮಗನಿಗೆ ಎಲ್ಲಾ ಅಣಿ ಮಾಡೋದು ನಾನೇ," ಎಂದರು.

ಮಂಜಮ್ಮ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ನಲವತ್ತರ ಹೆಂಗಸು, ಗಂಡ ಸತ್ತು ಐದು ವರ್ಷ. ಇಡ್ಲಿ ಹಿಟ್ಟು ರುಬ್ಬಿ ಊರಿನವರಿಗೆ ಮಾರುತ್ತಿದ್ದಳು. ನಮ್ಮನ್ನು ನೋಡಿ ಅವಳ ಮುಖ ಇನ್ನಷ್ಟು ಬಿಗಿಯಿತು.

"ಅವತ್ತು ಪ್ಲಗ್ಗು ಯಾಕೆ ಮುಟ್ಟಿದ್ರಿ?" ಎಂದು ವನಜಾಕ್ಷಮ್ಮ ನೇರವಾಗಿ ಕೇಳಿದರು.

"ನಡುವಿನ ಲೈಟು ಆರಿದ್ದು ಕಂಡೆ. ಸಡಿಲ ಆಗಿದ್ಯೇನೋ ಅಂತ ಒತ್ತಿದೆ. ನಂಬೋರಿಗೆ ಹೇಳ್ಬೋದು, ನಂಬದೆ ಇರೋರಿಗೆ ಏನು ಹೇಳೋದು ಕಣ್ರೀ," ಎಂದು ಮಂಜಮ್ಮ ಒಳಗೆ ಹೋದಳು.

ಸಿದ್ದಾರ್ಥ್ ಹತ್ತು ಗಂಟೆಗೆ ಬಂದ. ಬಂದವನೇ ಮಂಜಮ್ಮನ ರುಬ್ಬುವ ಯಂತ್ರದ ಕಡೆ ಬೊಟ್ಟು ಮಾಡಿದ. "ಅದೇ ಮೇಡಂ. ಮೋಟಾರು ಓಡಿದ್ರೆ ವೈರಿನಲ್ಲಿ ಗಲಾಟೆ ಜಾಸ್ತಿ, ನೆಟ್ಟು ಕೆಡ್ತದೆ."

"ಹಾಕಿ ನೋಡೇಬಿಡಣ," ಎಂದರು ವನಜಾಕ್ಷಮ್ಮ.

ರುಬ್ಬುವ ಯಂತ್ರ ಹಾಕಿದೆವು. ಹಿಂದಿನ ಕೋಣೆಯ ಟ್ಯಾಬಿನಲ್ಲಿ ವಿಡಿಯೋ ತೊದಲಿತು, ನಡುವಿನ ಲೈಟು ಹಸಿರಿನಿಂದ ಕೆಂಪಿಗೆ ತಿರುಗಿತು, ಆದರೆ ಆರಲಿಲ್ಲ. ಆಮೇಲೆ ಕೋಣೆಯ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಿದೆವು. ನೆಟ್ಟು ನಿಧಾನವಾಯಿತು, ಹೋಗಲಿಲ್ಲ. ಮುಂದಿನ ಪ್ಲಗ್ಗನ್ನೇ ಕಿತ್ತೆವು. ಆಗ ಅದರ ಮೂರು ಲೈಟೂ ಒಟ್ಟಿಗೆ ಆರಿದವು. ಎಲ್ಲವನ್ನೂ ಮೊದಲಿದ್ದಂತೆ ಚುಚ್ಚಿ, ಎರಡೂ ಪ್ಲಗ್ಗಿನ ಗುಂಡಿ ಒತ್ತಿ ಮತ್ತೆ ಜೋಡಿ ಮಾಡಿಸಿದ ಸಿದ್ದಾರ್ಥ್. ಹಸಿರು ಬಂತು.

ನನ್ನನ್ನು ಕರೆದು ವನಜಾಕ್ಷಮ್ಮ ಕರೆಂಟ್ ಬೋರ್ಡುಗಳನ್ನು ನೋಡಲು ಹೇಳಿದರು. ಆ ಮನೆಗೆ ಕರೆಂಟಿನ ಮೂರು ಲೈನೂ, ಅಂದರೆ ಮೂರು ಫೇಸೂ, ಬರುತ್ತಿದ್ದವು. ಮುಂದಿನ ಭಾಗಕ್ಕೆ ತಾತನ ಕಾಲದ ಬೋರ್ಡು, ಒಂದನೇ ಲೈನಿಗೇ ಕಾಯಂ ಆಗಿ ಕಟ್ಟಿದ್ದು. ಹಿಂದಿನ ಭಾಗಕ್ಕೆ ಆಮೇಲೆ ಹಾಕಿದ ಬೋರ್ಡು, ಅದರ ಮೇಲೆ ಒಂದು, ಎರಡು, ಮೂರು ಎಂದು ನಂಬರಿರುವ ದುಂಡನೆಯ ಸ್ವಿಚ್ಚು. ಫೇಸ್ ಚೇಂಜರ್ ಅನ್ನುತ್ತಾರೆ. ನಮ್ಮ ಕಡೆ ಅದಿಲ್ಲದ ಮನೆ ಕಡಿಮೆ. ತೋಟದ ಪಂಪುಗಳು ಎದ್ದರೆ ಒಂದು ಲೈನು ಸೊರಗುತ್ತದೆ, ಆಗ ಸೊರಗದ ಲೈನಿಗೆ ತಿರುಗಿಸಿಕೊಳ್ಳುವುದು. ಮಧ್ಯಾಹ್ನ ತ್ರೀ ಫೇಸ್ ಹೋದಾಗ ಉಳಿಯುವುದು ಒಂದನೆಯದು ಮಾತ್ರ, ಮತ್ತೆ ಒಂದಕ್ಕೆ ತಿರುಗಿಸುವುದು. ಉಸಿರಾಡುವಷ್ಟು ಸಹಜ, ಯಾರೂ ಇದನ್ನೊಂದು ಕೆಲಸ ಎಂದು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಸ್ವಿಚ್ಚು ಆಗ ಒಂದರಲ್ಲಿತ್ತು. ನಾನು ಹಾಗೆಂದು ಬಂದು ಹೇಳಿದೆ.

ಹತ್ತೂವರೆಗೆ ಅವರು ನಮ್ಮನ್ನೆಲ್ಲ ಒಂದೊಂದು ಕಡೆ ಕೂರಿಸಿದರು. ಪಡಸಾಲೆಯಲ್ಲಿ ಮುಂದಿನ ಪ್ಲಗ್ಗಿಗೆ ನಾನು ಕಾವಲು. ನನ್ನ ಎದುರಿಗೆ ಚಾಪೆಯ ಮೇಲೆ ಮಂಜಮ್ಮ, ಕೈ ಮಡಿಲಲ್ಲಿ. ಬಾಗಿಲ ಹತ್ತಿರ ಸಿದ್ದಾರ್ಥ್. ಹಿಂದಿನ ಕೋಣೆಯಲ್ಲಿ ವನಿತಾ, ಮಗು ಮತ್ತು ವನಜಾಕ್ಷಮ್ಮ. ಕೋಣೆಯ ಹೊರಗೆ ನಡುಮನೆಯಲ್ಲಿ ಬೋರ್ಡಿನ ಕೆಳಗೆ ಲಕ್ಷ್ಮಯ್ಯ.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಗೋಡೆಯ ಗಡಿಯಾರ ನೋಡುವುದು, ಹಸಿರು ಲೈಟು ನೋಡುವುದು, ಮಂಜಮ್ಮನ ಕೈ ನೋಡುವುದು. ಹತ್ತು ನಲವತ್ತು. ನಲವತ್ತೈದು. ಅವಳೂ ಆ ಲೈಟನ್ನೇ ನೋಡುತ್ತಿದ್ದಳು, ತುಟಿ ಒಣಗಿತ್ತು. ಹತ್ತು ಐವತ್ತಕ್ಕೆ ನನ್ನ ಕಣ್ಣೆದುರೇ, ಯಾರೂ ಮುಟ್ಟದೆ, ನಡುವಿನ ಲೈಟು ಆರಿತು.

"ಅಯ್ಯೋ, ಹೋಯ್ತು," ಎಂದಳು ಮಂಜಮ್ಮ. ಅವಳ ಕೈ ಇನ್ನೂ ಮಡಿಲಲ್ಲೇ ಇತ್ತು.

ಒಳಗಿನಿಂದ ವನಿತಾಳ ಅಳು ಕೇಳಿತು. ಅದರ ಹಿಂದೆಯೇ ವನಜಾಕ್ಷಮ್ಮನ ದನಿ: "ಎಲ್ಲಾ ಇಲ್ಲಿ ಬನ್ನಿ, ಬೇಗ."

ನಾವು ಓಡಿಹೋಗುವಷ್ಟರಲ್ಲಿ ಅವರು ಬೋರ್ಡಿನ ಮುಂದೆ ನಿಂತಿದ್ದರು. ದುಂಡನೆಯ ಸ್ವಿಚ್ಚು ಮೂರರಲ್ಲಿತ್ತು. ಅವರು ಕೈ ಎತ್ತಿದರು, ಲಕ್ಷ್ಮಯ್ಯ ಅಡ್ಡ ನಿಂತುಬಿಟ್ಟರು.

"ಅದನ್ನ ಮುಟ್ಟಬ್ಯಾಡಿ ತಾಯಿ. ಈ ಹೊತ್ತಲ್ಲಿ ಒಂದನೇ ಲೈನು ಸೊರಗೋಗಿರ್ತದೆ. ಮೂರರಲ್ಲಿ ಕರೆಂಟು ಜೋರಾಗದೆ. ಮಗೂ ಪಾಠಕ್ಕೆ ಅಂತ ನಾನೇ ಹಾಕಿರೋದು."

"ಇದ್ರಿಂದ್ಲೇ ನೆಟ್ಟು ಹೋಗ್ತಿರೋದು ಯಜಮಾನ್ರೇ."

"ಕರೆಂಟು ಕಮ್ಮಿಯಾದ್ರೆ ನೆಟ್ಟು ಹೋದಾತು, ಜಾಸ್ತಿಯಾದ್ರೆ ಹೆಂಗೆ ಹೋದಾತು? ನನ್ನ ಮನೇಲಿ ಮೂವತ್ತು ವರ್ಷದಿಂದ ಲೈನು ನೋಡ್ಕೋತಿರೋನು ನಾನು. ಕದ್ದು ಕೀಳೋರನ್ನ ಹುಡುಕಿ ಅಂತ ಕರೆಸಿದ್ರೆ ನನ್ನ ಕೈಗೇ ಬರ್ತೀರಲ್ಲ."

ಮುದುಕ ಕದಲಲಿಲ್ಲ. ಆ ಮನೆಯಲ್ಲಿ ಅವರನ್ನು ಪಕ್ಕಕ್ಕೆ ತಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ಹನ್ನೊಂದಕ್ಕೆ ಎಂಟು ನಿಮಿಷ. ವನಜಾಕ್ಷಮ್ಮನ ಹಣೆಯಲ್ಲಿ ಬೆವರು ಕಂಡೆ. ಈ ಒಂದನ್ನು ಅವರು ಎಣಿಸಿರಲಿಲ್ಲ.

"ಸರಿ, ಐದು ನಿಮಿಷ ಕೇಳಿ. ಒಪ್ಪಿಗೆಯಾಗದಿದ್ರೆ ಹಂಗೇ ಬುಟ್ಬುಡಿ," ಎಂದು ಅವರು ಎಲ್ಲರನ್ನೂ ಒಮ್ಮೆ ನೋಡಿದರು. "ಮುಂದೆ ಡಬ್ಬಿಯಲ್ಲಿ ನೆಟ್ಟು ಅದೆ, ಪ್ಲಗ್ಗಿನ ಮೂರನೇ ಲೈಟು ಉರೀತದೆ. ಅಂದಮೇಲೆ ಸಿದ್ದಾರ್ಥನ ಲೈನಿಂದು ತಪ್ಪಲ್ಲ. ಯಾರಾದ್ರೂ ಪ್ಲಗ್ಗು ಕಿತ್ತಿದ್ರೆ ಮೂರೂ ಲೈಟು ಆರಬೇಕಿತ್ತು, ಬೆಳಿಗ್ಗೆ ಕಿತ್ತು ನೋಡಿದ್ವಲ್ಲ. ಮಂಜಮ್ಮನ ಕೈ ಪ್ಲಗ್ಗಿನ ಮೇಲಿದ್ದಾಗ್ಲೂ ಮೊದಲನೇ ಲೈಟು ಉರೀತಿತ್ತು ಅಂತ ವನಿತಾನೇ ಹೇಳಿದ್ಲು. ಆಯಮ್ಮ ಕಿತ್ತಿರಲಿಲ್ಲ. ರುಬ್ಬೋ ಯಂತ್ರ ಹಾಕಿದ್ವಿ, ನೆಟ್ಟು ತೊದಲ್ತು, ಸಾಯಲಿಲ್ಲ."

"ಇವತ್ತು ಅಕ್ಕ ನಮ್ಮೆದುರಿಗೇ ಕೂತಿದ್ರು," ಎಂದ ಸಿದ್ದಾರ್ಥ್ ಮೆಲ್ಲಗೆ.

"ಅದಕ್ಕೇ ಕೂರಿಸಿದ್ದು. ಉಳಿದಿದ್ದು ಏನು? ಎರಡು ಪ್ಲಗ್ಗಿಗೂ ಕರೆಂಟು ಅದೆ, ಒಂದರ ಮಾತು ಒಂದಕ್ಕೆ ಕೇಳ್ತಿಲ್ಲ. ಬೇರೆ ದಿನ ಇದೇ ಹೊತ್ತಿನಲ್ಲಿ ಕೇಳ್ತದೆ. ಬುಧವಾರ ಮಾತ್ರ ಯಾರೋ ಏನೋ ಮಾಡ್ತಾರೆ. ಆಗ ಹಿಂದಿನ ಕೋಣೆ ಫ್ಯಾನು ಒಂದು ಕ್ಷಣ ತಡೆದು, ಆಮೇಲೆ ಜೋರಾಗ್ತದೆ. ಈಗಲೂ ಹಂಗೇ ಆಯ್ತು, ನಾನು ಫ್ಯಾನೇ ನೋಡ್ತಾ ಕೂತಿದ್ದೆ. ಹುಚ್ಚಣ್ಣ, ಫ್ಯಾನು ಯಾವಾಗ ಹಂಗಾಗ್ತದೆ?"

"ಲೈನು ಬದಲಾಯಿಸಿದಾಗ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಮುಂದಿನ ಪ್ಲಗ್ಗು ಒಂದನೇ ಲೈನಿನ ಮೇಲೆ ಕೂತು ಮಾತಾಡಿದ್ರೆ ಮೂರನೇ ಲೈನಿನಲ್ಲಿರೋದಕ್ಕೆ ಕೇಳ್ತದಾ?"

"ಎರಡು ಬೇರೆ ಬೇರೆ ತಂತಿ. ಕೆಲವು ಮನೇಲಿ ಅಷ್ಟೋ ಇಷ್ಟೋ ದಾಟಬಹುದು. ಇಲ್ಲಿ ದಾಟ್ತಿಲ್ಲ."

"ಅಷ್ಟೇ ಯಜಮಾನ್ರೇ. ಮೊದಲ ವಾರ ಬೆಳಕು ಮಂಕು, ಮಗು ಮುಖ ಕಾಣಲ್ಲ ಅಂದ್ರು ಟೀಚರ್. ಮುಂದಿನ ವಾರದಿಂದ ಬುಧವಾರ ಮಾತ್ರ, ಪಾಠಕ್ಕೆ ಅಂತ, ನೀವು ಜೋರಾಗಿರೋ ಲೈನಿಗೆ ಹಾಕಿದ್ರಿ. ಮಧ್ಯಾಹ್ನ ತ್ರೀ ಫೇಸ್ ಹೋದಾಗ ಒಂದಕ್ಕೆ ತಿರುಗಿಸಿದ್ರಿ. ಅದಕ್ಕೇ ಸಿದ್ದಾರ್ಥ್ ಬಂದಾಗೆಲ್ಲ ಸರಿಯಾಗಿರ್ತಿತ್ತು. ಕರೆಂಟು ಚೆನ್ನಾಗಿ ಕೊಡಬೇಕು ಅಂತ್ಲೇ ಮಾಡಿದ್ರಿ. ಹಂಗೆ ಮಾಡಿ ಮೂರು ಪಾಠ ಕಳೆದಿರಿ."

ಲಕ್ಷ್ಮಯ್ಯನವರು ಸ್ವಿಚ್ಚನ್ನು ನೋಡಿದರು, ಆಮೇಲೆ ತಮ್ಮ ಬಲಗೈಯನ್ನು ನೋಡಿಕೊಂಡರು. ಗಡಿಯಾರದಲ್ಲಿ ಹನ್ನೊಂದಕ್ಕೆ ಎರಡು ನಿಮಿಷವಿತ್ತು. ಕೂಗಿಬಿಡೋಣ ಎನ್ನಿಸಿತು ನನಗೆ.

"ಕರೆಂಟು ಮಂಕಾದ್ರೆ ಮಗು ಮುಖ ಕಾಣಲ್ವಲ್ಲ," ಎಂದರು ಮುದುಕ. ಗದರುವ ದನಿ ಈಗ ಇರಲಿಲ್ಲ.

"ನನ್ನ ಹತ್ರ ಚಾರ್ಜಿನ ಲೈಟದೆ ಮಾವ. ಮಗು ಮುಖಕ್ಕೆ ನಾನು ಹಿಡ್ಕೋತೀನಿ," ಎಂದು ಮಂಜಮ್ಮ ಅಡಿಗೆಮನೆಗೆ ಓಡಿದಳು.

ಲಕ್ಷ್ಮಯ್ಯ ಸ್ವಿಚ್ಚಿಗೆ ಕೈ ಹಾಕಿದರು. ಎರಡು, ಆಮೇಲೆ ಒಂದು. ಒಳಗೆ ಫ್ಯಾನು ತಡೆದು, ಸುಸ್ತಾದವರಂತೆ ತಿರುಗತೊಡಗಿತು. ಬಲ್ಬು ಹಳದಿಗೆ ಇಳಿಯಿತು. ಕೋಣೆಯ ಪ್ಲಗ್ಗಿನ ನಡುವಿನ ಲೈಟು ಆರಿಯೇ ಇತ್ತು. ನಾನು ಒಂದರಿಂದ ಇಪ್ಪತ್ತರವರೆಗೆ ಎಣಿಸಿದೆ. ಇಪ್ಪತ್ತೊಂದಕ್ಕೆ ಮಿಣುಕಿತು, ಹಸಿರಾಯಿತು, ನಿಂತಿತು. ಟ್ಯಾಬಿನಲ್ಲಿ ಕನ್ನಡಕದ ಟೀಚರ್ ಬಂದು, "ಭುವನ್ ಬಂದಿದ್ದಾನಾ? ಹಾಜರಿ ಹಾಕ್ತೀನಿ," ಎಂದರು. ವನಿತಾ ಬಾಯಿಗೆ ಸೆರಗು ಒತ್ತಿಕೊಂಡಳು.

ನಾನು ವನಜಾಕ್ಷಮ್ಮನನ್ನು ಪಡಸಾಲೆಗೆ ಕರೆದುಕೊಂಡು ಬಂದು ಮೆಲುದನಿಯಲ್ಲಿ ಜಗಳ ತೆಗೆದೆ. "ನಿನ್ನೇನೇ ನಿಮಗೆ ಗೊತ್ತಾಗಿತ್ತು. ಬೆಳಿಗ್ಗೆ ಬಂದ ಕೂಡ್ಲೆ ಮುದುಕನಿಗೆ ಹೇಳ್ಬೋದಿತ್ತು. ಆ ಮಗೂ ಸೀಟು ಹಿಡ್ಕೊಂಡು ಆಟ ಆಡಿದ್ರಲ್ಲ."

"ಗುಮಾನಿ ಇತ್ತು, ಗೊತ್ತಿರಲಿಲ್ಲ. ಹೇಳಿದ್ರೆ ಅವರು ತಿರುಗಿಸ್ತಿರಲಿಲ್ಲ, ನೆಟ್ಟು ಹೋಗ್ತಿರಲಿಲ್ಲ. ಆಗ ವನಿತಾ ಏನಂದ್ಕೊಳ್ತಿದ್ಲು? ಕಾವಲು ಕೂತಿದ್ದಕ್ಕೆ ಮಂಜಮ್ಮ ಹೆದರಿಕೊಂಡ್ಲು ಅಂತ. ಆ ಹೆಂಗಸು ಸಾಯೋವರೆಗೂ ಕಳ್ಳಿ ಆಗೇ ಇರ್ತಿದ್ಲು ಕಣಪ್ಪ," ಎಂದರು. "ಆದ್ರೆ ಅಡ್ಡ ನಿಲ್ತಾರೆ ಅಂದ್ಕೊಂಡಿರಲಿಲ್ಲ. ಅದು ನನ್ನ ತಪ್ಪು," ಎಂದೂ ಸೇರಿಸಿದರು. ಅವರ ಬಾಯಿಂದ ನಾನು ಈ ಮಾತು ಕೇಳಿದ್ದು ಅದೇ ಮೊದಲು, ಜಗಳ ಮುಂದುವರಿಸಲು ಮನಸ್ಸಾಗಲಿಲ್ಲ.

ನಾವು ಮತ್ತೆ ಕೋಣೆಯ ಬಾಗಿಲಿಗೆ ಬಂದಾಗ ಪಾಠ ಅರ್ಧ ಮುಗಿದಿತ್ತು. ಮಂಜಮ್ಮ ಒಂದೇ ಸಮನೆ ಲೈಟು ಹಿಡಿದು ಕೂತಿದ್ದಳು. ಭುವನ್ ಮಣ್ಣಿನ ಬಣ್ಣದ ಅಂಗಿ ತೊಟ್ಟ ಸಣ್ಣ ಹುಡುಗ, ಕಿವಿಯ ಹಿಂದೆ ಯಂತ್ರ, ಕೈಯಲ್ಲಿ ಮರದ ತುಂಡುಗಳು. ಟೀಚರ್ ಹೇಳಿದರು, "ಈಗ ಅವನ ಬೆನ್ನ ಹಿಂದೆ ನಿಂತು ಯಾರಾದರೂ ಕರೀಬೇಕು. ಅಮ್ಮ ಬೇಡ. ಮನೆಯವರೇ ಬೇರೆ ಯಾರಾದರೂ."

ವನಿತಾ ತಿರುಗಿ ಮಂಜಮ್ಮನ ಮುಖ ನೋಡಿದಳು. ಅವಳ ಕೈಯಿಂದ ಲೈಟನ್ನು ತಾನು ತೆಗೆದುಕೊಂಡಳು. "ಅಕ್ಕಾ, ನೀವೇ ಕರೀರಿ. ನಾನು ನಿಮಗೆ ಆಡಬಾರದ್ದು ಆಡಿದೆ," ಎಂದಳು.

ಮಂಜಮ್ಮ ಎದ್ದು ಹಿಂದೆ ಹೋಗಿ ನಿಂತು, "ಭುವನಾ," ಎಂದಳು. ಹುಡುಗ ತುಂಡು ಜೋಡಿಸುತ್ತಲೇ ಇದ್ದ. ಇನ್ನೊಮ್ಮೆ ಕರೆದಳು. ಕೈ ನಿಂತಿತು, ತಿರುಗಿ ನೋಡಿದ. ಮಂಜಮ್ಮ ಅವನನ್ನು ಎತ್ತಿಕೊಳ್ಳಲು ಬಾಗಿದವಳು ತಡೆದುಕೊಂಡು ಹೊರಗೆ ಬಂದಳು.

ಲಕ್ಷ್ಮಯ್ಯ ಇನ್ನೂ ಬೋರ್ಡಿನ ಮುಂದೆ ಗೋಡೆಗೆ ಮುಖ ಮಾಡಿ ನಿಂತಿದ್ದರು. "ಬನ್ನಿ ಮಾವ, ನೀವೂ ಒಂದ್ಸಲ ಕರೀರಿ," ಎಂದಳು ಮಂಜಮ್ಮ.

"ನಾನು ಒಳಗೆ ಬಂದ್ರೆ ಇನ್ನೇನು ಕೆಡ್ತದೋ. ಬ್ಯಾಡ ಬುಡವ್ವ," ಎಂದರು. ಆಕೆ ಬಿಡಲಿಲ್ಲ, ತೋಳು ಹಿಡಿದು ಕರೆತಂದಳು.

ಮುದುಕ ಮೊಮ್ಮಗನ ಬೆನ್ನ ಹಿಂದೆ ಬಂದು ನಿಂತರು. ಬಾಯಿ ತೆರೆದರು, ದನಿ ಹೊರಡಲಿಲ್ಲ. ಇನ್ನೊಂದು ಸಲ ಬಾಯಿ ತೆರೆಯುವ ಮುಂಚೆ ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಆ ಕೆಮ್ಮು ಕೇಳಿದ್ದೇ ಭುವನ್ ಕೈಯಲ್ಲಿದ್ದ ತುಂಡು ಕೆಳಗೆ ಹಾಕಿ ಸರಕ್ಕನೆ ತಿರುಗಿದ, ತಾತನನ್ನು ನೋಡಿ ಎರಡೂ ಕೈ ಚಾಚಿದ. ಲಕ್ಷ್ಮಯ್ಯನವರು ಅವನನ್ನು ಇನ್ನೂ ಕರೆದೇ ಇರಲಿಲ್ಲ.